ಸೋಲಾರ್ ನೀರು ಬಿಸಿಯಾಗದಿದ್ದರೆ: ದೋಷ ಹುಡುಕುವುದನ್ನೇ ಪಾಠವಾಗಿಸುವ ಬಗೆ

ಉಷ್ಣ ಪ್ರಸರಣದ ಪಾಠವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ಸೋಲಾರ್ ವಾಟರ್ ಹೀಟರಿನ ಚಿತ್ರಪಟವನ್ನು ತರಗತಿಗೆ ತರುತ್ತಾರೆ. ಪ್ಯಾನೆಲ್, ಟ್ಯಾಂಕ್, ತಣ್ಣೀರಿನ ಕೊಳವೆ, ಬಿಸಿನೀರಿನ ಕೊಳವೆ ಎಂದು ಭಾಗಗಳನ್ನು ಗುರುತಿಸಿ, ನೀರು ಹರಿಯುವ ದಿಕ್ಕಿಗೆ ಬಾಣ ಹಾಕಿ, ವಹನ, ಸಂವಹನ, ವಿಕಿರಣ ಮೂರಕ್ಕೂ ಇದೇ ಉದಾಹರಣೆ ಎಂದು ಹೇಳಿ ಪಾಠ ಮುಗಿಸುತ್ತಾರೆ. ಪಾಠ ತಪ್ಪೇನಲ್ಲ. ಆದರೆ ಚಿತ್ರಪಟದ ಸೋಲಾರ್ ಎಂದೂ ಕೆಡುವುದಿಲ್ಲ. ಮನೆಯ ಸೋಲಾರ್ ಕೆಡುತ್ತದೆ. ಡಿಸೆಂಬರಿನ ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಉಗುರುಬೆಚ್ಚಗಿನ ನೀರು ಬಂದರೆ ಅದಕ್ಕೆ ಹತ್ತು ಕಾರಣಗಳಿರಬಹುದು. ಅವುಗಳಲ್ಲಿ ಯಾವುದು ಎಂದು ಕಂಡುಹಿಡಿಯುವ ಕೆಲಸದಲ್ಲಿ ಮಗು ಕಲಿಯುವ ವಿಜ್ಞಾನ, ಭಾಗಗಳ ಹೆಸರು ಹೇಳುವುದರಲ್ಲಿ ಕಲಿಯುವುದಕ್ಕಿಂತ ಹೆಚ್ಚು. ಆ ಕೆಲಸವನ್ನು ಕ್ರಮವಾಗಿ ಮಾಡುವುದು ಹೇಗೆ, ಅದನ್ನು ತರಗತಿಗೆ ತರುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ತಾಪವನ್ನು ನಿಯಂತ್ರಿಸುವುದು ಯಾವುದು?

ಪ್ರಶಿಕ್ಷಣಾರ್ಥಿಗಳಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದು. ಹೆಚ್ಚಿನವರು ‘ಥರ್ಮೋಸ್ಟ್ಯಾಟ್’ ಎನ್ನುತ್ತಾರೆ. ಟ್ಯಾಂಕಿನಲ್ಲಿ ಥರ್ಮೋಸ್ಟ್ಯಾಟ್ ಇರುವುದು ನಿಜ. ಅದು ನಿಯಂತ್ರಿಸುವುದು ಮೋಡದ ದಿನಕ್ಕೆಂದು ಇಟ್ಟಿರುವ ವಿದ್ಯುತ್ ಕಾಯಿಲನ್ನು ಮಾತ್ರ. ಸೂರ್ಯನಿಗೆ ಥರ್ಮೋಸ್ಟ್ಯಾಟ್ ಇಲ್ಲ. ಮನೆಗಳಲ್ಲಿ ಸಾಮಾನ್ಯವಾಗಿರುವ, ಪಂಪ್ ಇಲ್ಲದ ಸೋಲಾರಿನಲ್ಲಿ ನೀರಿನ ತಾಪವನ್ನು ನಿರ್ಧರಿಸುವುದು ನಾಲ್ಕು ಸಂಗತಿಗಳ ಲೆಕ್ಕಾಚಾರ: ಪ್ಯಾನೆಲ್ ಎಷ್ಟು ಉಷ್ಣವನ್ನು ಹೀರಿತು, ಅದರಲ್ಲಿ ಎಷ್ಟು ಟ್ಯಾಂಕಿಗೆ ಸಾಗಿತು, ಬೆಳಗಿನವರೆಗೆ ಎಷ್ಟು ಉಳಿಯಿತು, ನಲ್ಲಿಗೆ ಎಷ್ಟು ತಲುಪಿತು. ಹೀರುವುದು, ಸಾಗಿಸುವುದು, ಉಳಿಸುವುದು, ತಲುಪಿಸುವುದು: ಈ ನಾಲ್ಕು ಕ್ರಿಯಾಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದಿಟ್ಟರೆ ಮುಂದಿನದೆಲ್ಲ ಸುಲಭ.

ಇತಿಹಾಸವೂ ಇದನ್ನೇ ಹೇಳುತ್ತದೆ. 1891ರಲ್ಲಿ ಅಮೆರಿಕದ ಕ್ಲಾರೆನ್ಸ್ ಕೆಂಪ್ ಹಕ್ಕುಪತ್ರ ಪಡೆದ ಸೋಲಾರ್ ಹೀಟರಿನಲ್ಲಿ ನೀರು ಕಾಯುವುದೂ ಉಳಿಯುವುದೂ ಗಾಜಿನ ಪೆಟ್ಟಿಗೆಯೊಳಗಿನ ಒಂದೇ ತೊಟ್ಟಿಯಲ್ಲಿ. ಹಗಲು ಕಾದ ನೀರು ರಾತ್ರಿ ಆರಿಹೋಗುತ್ತಿತ್ತು. 1909ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ ಕಾಯಿಸುವ ಭಾಗವನ್ನು ಬೇರೆ, ಹೊದಿಕೆ ಹಾಕಿದ ಟ್ಯಾಂಕನ್ನು ಬೇರೆ ಮಾಡಿದ. ನಮ್ಮ ತಾರಸಿಗಳ ಮೇಲಿರುವುದು ಆ ವಿಂಗಡಣೆಯ ಮುಂದುವರಿಕೆ. ದೋಷ ಹುಡುಕುವಾಗಲೂ ನಾವು ಮಾಡಬೇಕಾದದ್ದು ಅದೇ ವಿಂಗಡಣೆ.

ಮೊದಲು ಎರಡು ಅಳತೆ

‘ನೀರು ಬಿಸಿಯಿಲ್ಲ’ ಎಂಬುದು ದೂರು, ಅವಲೋಕನವಲ್ಲ. ಕಾರಣ ಊಹಿಸುವ ಮೊದಲು ಎರಡು ಅಳತೆ ಬೇಕು. ಚೆನ್ನಾಗಿ ಬಿಸಿಲಿದ್ದ ದಿನ ಸಂಜೆ 5 ಗಂಟೆಗೆ ಒಮ್ಮೆ, ಮರುದಿನ ಬೆಳಿಗ್ಗೆ 6 ಗಂಟೆಗೆ ಯಾರೂ ನೀರು ಬಳಸುವ ಮೊದಲು ಇನ್ನೊಮ್ಮೆ, ಟ್ಯಾಂಕಿಗೆ ಅತಿ ಹತ್ತಿರದ ಬಿಸಿನೀರಿನ ನಲ್ಲಿಯಲ್ಲಿ ತಾಪ ನೋಡಬೇಕು. ಕೊಳವೆಯಲ್ಲಿ ನಿಂತ ನೀರು ಹೋಗಿ ತಾಪ ಸ್ಥಿರವಾದ ಮೇಲೆ ಚೊಂಬಿನಲ್ಲಿ ಹಿಡಿದು ಅಳೆಯುವುದು ಸರಿ. ಮಧ್ಯೆ ರಾತ್ರಿ ಬಿಸಿನೀರು ಬಳಸಬಾರದು, ವಿದ್ಯುತ್ ಕಾಯಿಲ್ ಆರಿಸಿರಬೇಕು.

ಜ್ವರ ನೋಡುವ ತಾಪಮಾಪಕ ಇಲ್ಲಿ ನಡೆಯದು. ಅದರ ವ್ಯಾಪ್ತಿ ಸುಮಾರು 35ರಿಂದ 42 ಡಿಗ್ರಿ ಸೆಲ್ಸಿಯಸ್ ಮಾತ್ರ. ಪ್ರಯೋಗಾಲಯದ ತಾಪಮಾಪಕ −10ರಿಂದ 110 ಡಿಗ್ರಿಯವರೆಗೆ ಅಳೆಯುತ್ತದೆ. ಯಾವ ಕೆಲಸಕ್ಕೆ ಯಾವ ಉಪಕರಣ ಎಂಬ ಪಾಠ ಇಲ್ಲೇ ಸಿಗುತ್ತದೆ.

ಈ ಎರಡು ಅಂಕಿಗಳಿಂದ ಮೂರು ದಾರಿ ಒಡೆಯುತ್ತದೆ. ಸಂಜೆಯೇ ನೀರು ಬಿಸಿಯಿಲ್ಲದಿದ್ದರೆ ದೋಷ ಹೀರುವುದರಲ್ಲಿ ಅಥವಾ ಸಾಗಿಸುವುದರಲ್ಲಿದೆ. ಸಂಜೆ ಬಿಸಿಯಿದ್ದು ಬೆಳಿಗ್ಗೆ ಆರಿದ್ದರೆ ಉಳಿಸುವುದರಲ್ಲಿದೆ. ಎರಡೂ ಹೊತ್ತು ಟ್ಯಾಂಕಿನ ಬಳಿ ಬಿಸಿಯಿದ್ದು ಸ್ನಾನದ ಮನೆಯಲ್ಲಿ ಮಾತ್ರ ತಣ್ಣಗಿದ್ದರೆ ತಲುಪಿಸುವುದರಲ್ಲಿದೆ.

ಸಂಜೆಯೇ ತಣ್ಣಗಿದ್ದರೆ

ಮೊದಲು ಒಂದು ಲೆಕ್ಕ. 100 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಬೇಕಾದ ಉಷ್ಣ: 100 × 4.186 × 35, ಅಂದರೆ ಸುಮಾರು 14,650 ಕಿಲೋಜೂಲ್. ಒಂದು ಯೂನಿಟ್ ವಿದ್ಯುತ್ತಿಗೆ 3,600 ಕಿಲೋಜೂಲ್. ಆದ್ದರಿಂದ ಸೂರ್ಯ ದಿನಕ್ಕೆ ಸುಮಾರು 4 ಯೂನಿಟ್ಟಿನಷ್ಟು ಉಷ್ಣವನ್ನು ನೀರಿಗೆ ಕೊಡಬೇಕು. 100 ಲೀಟರಿಗೆ ಸಾಮಾನ್ಯವಾಗಿ ಎರಡು ಚದರ ಮೀಟರ್ ವಿಸ್ತೀರ್ಣದ ಒಂದು ಪ್ಯಾನೆಲ್ ಹಾಕುವುದು ಈ ಲೆಕ್ಕದ ಮೇಲೆಯೇ. ಮನೆಯಲ್ಲಿ ಜನ ಹೆಚ್ಚಾಗಿ, ಮಧ್ಯಾಹ್ನವೂ ಬಿಸಿನೀರು ಖರ್ಚಾಗುತ್ತಿದ್ದರೆ ಯಾವ ಭಾಗವೂ ಕೆಡದೆಯೇ ಸಂಜೆ ನೀರು ತಣ್ಣಗಿರಬಹುದು. ಬಳಕೆಯನ್ನು ವಿಚಾರಿಸದೆ ಉಪಕರಣವನ್ನು ದೂರಬಾರದು.

ಬಳಕೆ ಸರಿಯಿದ್ದರೆ ನೆರಳನ್ನು ನೋಡಬೇಕು. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಮಾರ್ಚ್ 21ರ ಸುಮಾರಿಗೆ ನಡುಹಗಲಿನ ಸೂರ್ಯ ದಿಗಂತದಿಂದ 77 ಡಿಗ್ರಿ ಎತ್ತರದಲ್ಲಿರುತ್ತಾನೆ. ಡಿಸೆಂಬರ್ 21ರ ಸುಮಾರಿಗೆ 53.5 ಡಿಗ್ರಿಗೆ ಇಳಿದಿರುತ್ತಾನೆ. ಪ್ಯಾನೆಲಿಗಿಂತ 3 ಮೀಟರ್ ಎತ್ತರದ ಗೋಡೆ ದಕ್ಷಿಣಕ್ಕಿದ್ದರೆ ಅದರ ನಡುಹಗಲಿನ ನೆರಳು ಮಾರ್ಚಿನಲ್ಲಿ ಸುಮಾರು 70 ಸೆಂಟಿಮೀಟರ್, ಡಿಸೆಂಬರಿನಲ್ಲಿ ಸುಮಾರು 2.2 ಮೀಟರ್. ‘ಬೇಸಿಗೆಯಲ್ಲಿ ಚೆನ್ನಾಗಿತ್ತು, ಚಳಿಗಾಲ ಬಂದಾಗ ಕೆಟ್ಟಿತು’ ಎಂಬ ದೂರಿನ ಹಿಂದೆ ಪಕ್ಕದಲ್ಲಿ ಎದ್ದ ಹೊಸ ಮಹಡಿಯೋ ಬೆಳೆದ ತೆಂಗಿನ ಮರವೋ ಇರಬಹುದು. ಹತ್ತನೆಯ ತರಗತಿಯ ತ್ರಿಕೋನಮಿತಿಗೆ ಇದಕ್ಕಿಂತ ಹತ್ತಿರದ ಸಮಸ್ಯೆ ಸಿಗುವುದು ಕಷ್ಟ. ಪ್ಯಾನೆಲನ್ನು ದಕ್ಷಿಣಕ್ಕೆ ಮುಖಮಾಡಿ, ಅಕ್ಷಾಂಶಕ್ಕಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚು ಓರೆಯಾಗಿ ಇಡುವುದೂ ಇದೇ ಚಳಿಗಾಲದ ಸೂರ್ಯನಿಗಾಗಿ.

ನಂತರ ಗಾಜು. ದಪ್ಪ ಧೂಳು, ಬಿರುಕು, ಒಳಗೆ ಕಟ್ಟಿದ ತೇವ ಮೂರೂ ಹೀರುವುದನ್ನು ತಗ್ಗಿಸುತ್ತವೆ. ನಿರ್ವಾತ ಕೊಳವೆಗಳ ಮಾದರಿಯಲ್ಲಿ ಇನ್ನೊಂದು ಗುರುತಿದೆ. ಪ್ರತಿ ಗಾಜಿನ ಕೊಳವೆಯ ತುದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಬೇರಿಯಂ ಲೇಪನವಿರುತ್ತದೆ. ಎರಡು ಗಾಜುಗಳ ನಡುವೆ ಗಾಳಿ ಹೊಕ್ಕರೆ ಅದು ಹಾಲಿನಂತೆ ಬಿಳಿಯಾಗುತ್ತದೆ. ತುದಿ ಬಿಳಿಯಾದ ಕೊಳವೆಯಲ್ಲಿ ನಿರ್ವಾತ ಹೋಗಿದೆ, ಸಂವಹನದಿಂದ ಉಷ್ಣ ಹೊರಗೆ ಸೋರುತ್ತಿದೆ ಎಂದರ್ಥ.

ಪ್ಯಾನೆಲ್ ಸರಿಯಾಗಿ ಹೀರುತ್ತಿದ್ದರೂ ನೀರು ಸಾಗದಿರಬಹುದು. ಪಂಪ್ ಇಲ್ಲದ ಈ ವ್ಯವಸ್ಥೆಯನ್ನು ನಡೆಸುವ ಬಲ ಬಹಳ ಸಣ್ಣದು. 25 ಡಿಗ್ರಿಯಲ್ಲಿ ನೀರಿನ ಸಾಂದ್ರತೆ ಘನ ಮೀಟರಿಗೆ 997 ಕಿಲೋಗ್ರಾಂ, 60 ಡಿಗ್ರಿಯಲ್ಲಿ 983. ಶೇಕಡ ಒಂದೂವರೆಗೂ ಕಡಿಮೆ ಇರುವ ಈ ವ್ಯತ್ಯಾಸವೇ ಬಿಸಿನೀರನ್ನು ಮೇಲಕ್ಕೆ ಟ್ಯಾಂಕಿಗೂ ತಣ್ಣೀರನ್ನು ಕೆಳಗೆ ಪ್ಯಾನೆಲಿಗೂ ನಡೆಸುತ್ತದೆ. ಹಾಗಾಗಿ ಸಣ್ಣ ಅಡ್ಡಿಯೂ ಸಾಕು. ಮೇಲಿನ ಕೊಳವೆ ಒಂದೆಡೆ ಜೋತುಬಿದ್ದು ಮತ್ತೊಂದೆಡೆ ಉಬ್ಬಿದ್ದರೆ ಆ ಉಬ್ಬಿನಲ್ಲಿ ಗಾಳಿ ಸೇರಿ ಹರಿವು ನಿಲ್ಲುತ್ತದೆ. ತೊಟ್ಟಿಯಲ್ಲಿ ನೀರು ಖಾಲಿಯಾಗಿ ಮತ್ತೆ ತುಂಬಿದ ಮೇಲೆ ಶುರುವಾದ ತೊಂದರೆಗೆ ಗಾಳಿಯೇ ಮೊದಲ ಶಂಕಿತ.

ಇನ್ನೊಂದು ಅಡ್ಡಿ ಗಡಸು ನೀರಿನದು. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೊಳವೆಯ ಒಳಗೋಡೆಗೆ ಅಂಟುತ್ತದೆ. ತಾತ್ಕಾಲಿಕ ಗಡಸುತನ ಎಂದು ನಾವು ಕಲಿಸುವುದು ಇದನ್ನೇ. ಪ್ಯಾನೆಲಿನ ಸಪೂರ ತಾಮ್ರದ ಕೊಳವೆಗಳು ವರ್ಷಗಳಲ್ಲಿ ಹೀಗೆ ಕಟ್ಟಿಕೊಳ್ಳುತ್ತವೆ. ಮನೆಯಲ್ಲಿ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಸೋಲಾರಿನೊಳಗೂ ಕಟ್ಟುತ್ತಿದೆ ಎಂದು ಊಹಿಸಬಹುದು.

ಹೀರಿಕೆಯ ದೋಷವೋ ಸಾಗಣೆಯ ದೋಷವೋ ಎಂದು ಬೇರ್ಪಡಿಸುವುದು ಹೇಗೆ? ಚಪ್ಪಟೆ ಪ್ಯಾನೆಲ್ ಇದ್ದಲ್ಲಿ ನಡುಹಗಲಿನಲ್ಲಿ ಅದರ ಕೆಳಗಿನ ಮತ್ತು ಮೇಲಿನ ಕೊಳವೆಗಳ ತಾಪ ಹೋಲಿಸಬೇಕು. ಮೇಲಿನದು ಕೆಳಗಿನದಕ್ಕಿಂತ ಮಿತವಾಗಿ ಬಿಸಿಯಿದ್ದರೆ ನೀರು ಹರಿಯುತ್ತಿದೆ. ಪ್ಯಾನೆಲಿನ ಮೇಲ್ತುದಿ ಕುದಿಯುವಷ್ಟು ಬಿಸಿಯಾಗಿದ್ದು ಟ್ಯಾಂಕಿನ ಬಳಿಯ ಕೊಳವೆ ತಣ್ಣಗಿದ್ದರೆ ಹರಿವು ನಿಂತಿದೆ. ಎರಡೂ ಕಡೆ ತಣ್ಣಗಿದ್ದರೆ ಹೀರಿಕೆಯೇ ನಡೆಯುತ್ತಿಲ್ಲ. ಇದನ್ನು ಕೈಯಿಂದ ಮುಟ್ಟಿ ನೋಡುವಂತಿಲ್ಲ. ಕೊಳವೆಗೆ ತಾಪಮಾಪಕವನ್ನು ತಾಗಿಸಿ, ಮೇಲೆ ಬಟ್ಟೆ ಸುತ್ತಿ ಅಳೆಯಬೇಕು. ಇದು ದೊಡ್ಡವರ ಕೆಲಸ.

ರಾತ್ರಿ ಆರಿಹೋಗುವ ಬಿಸಿ

ಸಂಜೆಗೂ ಬೆಳಿಗ್ಗೆಗೂ ನಡುವೆ ಐದಾರು ಡಿಗ್ರಿ ಇಳಿಯುವುದು ಸಹಜ. ಹದಿನೈದು ಇಪ್ಪತ್ತು ಡಿಗ್ರಿ ಇಳಿದರೆ ಕಾರಣ ಹುಡುಕಬೇಕು. ಟ್ಯಾಂಕಿನ ಹೊದಿಕೆಯೊಳಗೆ ನೀರು ಹೊಕ್ಕಿರಬಹುದು. ಒದ್ದೆಯಾದ ಹೊದಿಕೆ ಉಷ್ಣವನ್ನು ತಡೆಯದು. ಬಿಸಿನೀರಿನ ನಲ್ಲಿಯೊಂದು ರಾತ್ರಿಯೆಲ್ಲ ತೊಟ್ಟಿಕ್ಕುತ್ತಿರಬಹುದು. ಮೂರನೆಯ ಕಾರಣ ಹಿಮ್ಮುಖ ಹರಿವು. ರಾತ್ರಿ ಆಕಾಶಕ್ಕೆ ಉಷ್ಣ ವಿಕಿರಣಗೊಂಡು ಪ್ಯಾನೆಲ್ ತಣ್ಣಗಾಗುತ್ತದೆ. ಟ್ಯಾಂಕ್ ಸಾಕಷ್ಟು ಎತ್ತರದಲ್ಲಿ ಇಲ್ಲದಿದ್ದರೆ ಹಗಲಿನ ಸಂವಹನವೇ ತಿರುಗಿ ನಡೆದು, ಟ್ಯಾಂಕಿನ ಬಿಸಿನೀರು ಪ್ಯಾನೆಲಿಗೆ ಇಳಿದು ಆರುತ್ತದೆ. ಟ್ಯಾಂಕಿನ ತಳ ಪ್ಯಾನೆಲಿನ ಮೇಲ್ತುದಿಗಿಂತ ಸುಮಾರು ಒಂದು ಅಡಿ ಮೇಲಿರಬೇಕು ಎನ್ನುವುದು ಇದಕ್ಕಾಗಿ. ಸೂರ್ಯೋದಯಕ್ಕೆ ಮೊದಲು ಪ್ಯಾನೆಲಿನ ಕೊಳವೆ ಬೆಚ್ಚಗಿದ್ದರೆ ಹಿಮ್ಮುಖ ಹರಿವು ಎಂದು ತಿಳಿಯಬಹುದು, ಏಕೆಂದರೆ ಆ ಹೊತ್ತಿಗೆ ಅಲ್ಲಿ ಬಿಸಿ ಇರಲು ಬೇರೆ ಮೂಲವಿಲ್ಲ.

ಟ್ಯಾಂಕ್ ಬಿಸಿ, ನಲ್ಲಿ ತಣ್ಣಗೆ

ಈ ಗುಂಪಿನ ದೋಷಗಳನ್ನೇ ಜನ ಹೆಚ್ಚಾಗಿ ತಪ್ಪು ತಿಳಿಯುತ್ತಾರೆ. ಮೊದಲನೆಯದು ದೋಷವೇ ಅಲ್ಲ. ಅರ್ಧ ಇಂಚಿನ ಕೊಳವೆಯ ಒಳವ್ಯಾಸ ಸುಮಾರು 15 ಮಿಲಿಮೀಟರ್ ಎಂದಿಟ್ಟುಕೊಂಡರೆ ಪ್ರತಿ ಮೀಟರಿನಲ್ಲಿ ಸುಮಾರು 0.18 ಲೀಟರ್ ನೀರು ನಿಂತಿರುತ್ತದೆ. ತಾರಸಿಯಿಂದ ನೆಲಮಹಡಿಯ ಸ್ನಾನದ ಮನೆಗೆ 20 ಮೀಟರ್ ಕೊಳವೆ ಇದ್ದರೆ ಮೂರೂವರೆ ಲೀಟರ್ ತಣ್ಣೀರು ಬಂದ ಮೇಲೆಯೇ ಬಿಸಿನೀರು. ಮುಕ್ಕಾಲು ಇಂಚಿನ ಕೊಳವೆಯಾದರೆ ಆರು ಲೀಟರಿಗೂ ಹೆಚ್ಚು. ಅದನ್ನು ಬಕೆಟ್ಟಿನಲ್ಲಿ ಹಿಡಿದು ಬೇರೆ ಕೆಲಸಕ್ಕೆ ಬಳಸುವುದು ಜಾಣತನ.

ಎರಡನೆಯದು ನಿಜವಾದ ದೋಷ. ಒಂದೇ ನಲ್ಲಿಯಲ್ಲಿ ಬಿಸಿ, ತಣ್ಣೀರು ಬೆರೆಯುವ ಮಿಕ್ಸರಿಗೆ ಕೈಶವರ್ ಅಥವಾ ಹೆಲ್ತ್ ಫಾಸೆಟ್ ಜೋಡಿಸಿರುತ್ತಾರೆ. ಬಳಸಿದ ಮೇಲೆ ಶವರಿನ ಗುಂಡಿ ಮಾತ್ರ ಬಿಟ್ಟು, ಮಿಕ್ಸರಿನ ಎರಡು ಹಿಡಿಗಳನ್ನು ತೆರೆದೇ ಇಟ್ಟರೆ, ಒತ್ತಡ ಹೆಚ್ಚಿರುವ ತಣ್ಣೀರು ಮಿಕ್ಸರಿನ ಮೂಲಕ ಬಿಸಿನೀರಿನ ಕೊಳವೆಗೆ ನುಗ್ಗುತ್ತದೆ. ಆಗ ಮನೆಯ ಬೇರೆ ನಲ್ಲಿಗಳಲ್ಲೂ ಉಗುರುಬೆಚ್ಚಗಿನ ನೀರೇ ಬರುತ್ತದೆ.

ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಎಂಟನೆಯ ತರಗತಿಗೆ ಈ ಅಳತೆಯ ಕೆಲಸ ಕೊಟ್ಟಾಗ ಒಬ್ಬ ಹುಡುಗಿ ತಂದ ಅಂಕಿಗಳು ಹೀಗಿದ್ದವು: ತಾರಸಿಯ ಒಗೆಯುವ ಕಲ್ಲಿನ ಬಳಿಯ ನಲ್ಲಿಯಲ್ಲಿ ಸಂಜೆ 58 ಡಿಗ್ರಿ, ಬೆಳಿಗ್ಗೆ 54, ಅದೇ ಬೆಳಿಗ್ಗೆ ಸ್ನಾನದ ಮನೆಯಲ್ಲಿ 34. ತಾರಸಿಯ ಅಳತೆ ಅವಳ ತಂದೆಯದು, ಕೆಳಗಿನದು ಅವಳದು. ಆ ಮನೆಯವರಿಗೆ ದುರಸ್ತಿಗೆ ಬಂದವರು ಪ್ಯಾನೆಲ್ ಬದಲಿಸಬೇಕೆಂದು ಹೇಳಿ ಹೋಗಿದ್ದರು. ತರಗತಿಯ ಮಕ್ಕಳು ಅಂಕಿ ನೋಡಿ, ‘ಪ್ಯಾನೆಲ್ ಕೆಟ್ಟಿದ್ದರೆ ಮೇಲೆ 58 ಹೇಗೆ ಬರುತ್ತೆ ಮಿಸ್?’ ಎಂದು ಕೇಳಿದರು. ಮರುದಿನ ತಂದೆ ಬೆಳಗಿನ ಹೊತ್ತು ಸೋಲಾರ್ ಟ್ಯಾಂಕಿಗೆ ತಣ್ಣೀರು ಬರುವ ವಾಲ್ವನ್ನು ಮುಚ್ಚಿ, ಸ್ನಾನದ ಮನೆಯ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆದು ನೋಡಿದರು. ಟ್ಯಾಂಕಿಗೆ ನೀರು ಬರದಿದ್ದರೆ ಅದರ ಮೇಲ್ಭಾಗದಿಂದ ನೀರು ಹೊರಬರಲಾರದು. ಕೊಳವೆಗಳಲ್ಲಿ ನಿಂತದ್ದು ಬಂದು ನಲ್ಲಿ ನಿಲ್ಲಬೇಕು. ಅಲ್ಲಿ ನಿಲ್ಲಲಿಲ್ಲ. ಅಂದರೆ ತಣ್ಣೀರು ಬೇರೆ ಕಡೆಯಿಂದ ನುಸುಳುತ್ತಿತ್ತು. ಮೇಲಿನ ಮಹಡಿಯ ಮಿಕ್ಸರಿನ ಹಿಡಿ ಮುಚ್ಚಿದಾಗ ನಿಂತಿತು. ಪ್ಯಾನೆಲ್ ಬದಲಿಸುವ ಮಾತು ಅಲ್ಲಿಗೆ ಮುಗಿಯಿತು.

ಈ ಪರೀಕ್ಷೆಗೆ ಎರಡು ಎಚ್ಚರಿಕೆಗಳಿವೆ. ಬಿಸಿಲೇರುವ ಮೊದಲೇ ಮಾಡಬೇಕು, ಮುಗಿದ ಕೂಡಲೇ ವಾಲ್ವನ್ನು ತೆರೆಯಬೇಕು. ನೀರಿಲ್ಲದೆ ಬಿಸಿಲಿನಲ್ಲಿ ಕಾದ ಗಾಜಿನ ಕೊಳವೆಗೆ ತಟ್ಟನೆ ತಣ್ಣೀರು ಬಿಟ್ಟರೆ ಅದು ಒಡೆಯುತ್ತದೆ.

ಅತಿಯಾಗಿ ಕಾದರೆ

ತಾಪ ನಿಯಂತ್ರಣವೆಂದರೆ ಕಡಿಮೆಯಾದದ್ದನ್ನು ಸರಿಪಡಿಸುವುದಷ್ಟೇ ಅಲ್ಲ. ಏಪ್ರಿಲ್ ತಿಂಗಳಲ್ಲಿ ಮನೆಯವರು ಊರಿಗೆ ಹೋಗಿ ನೀರು ಖರ್ಚಾಗದಿದ್ದರೆ ಟ್ಯಾಂಕಿನ ತಾಪ ದಿನದಿಂದ ದಿನಕ್ಕೆ ಏರುತ್ತದೆ. ಗಾಳಿಕೊಳವೆಯಿಂದ ಹಬೆ ಹೊರಬರಬಹುದು. ಆ ಕೊಳವೆಯನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಒತ್ತಡ ಹೊರಹೋಗುವ ದಾರಿ ಅದು. ಊರಿಗೆ ಹೊರಡುವ ಮೊದಲು ಪ್ಯಾನೆಲಿಗೆ ಬಟ್ಟೆ ಹೊದಿಸುವುದೇ ಸರಳ ನಿಯಂತ್ರಣ.

60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. ಮಕ್ಕಳ ತೆಳು ಚರ್ಮವನ್ನು ಇನ್ನೂ ಬೇಗ. ಹಾಗಾದರೆ ಟ್ಯಾಂಕಿನಲ್ಲೇ 40 ಡಿಗ್ರಿ ಇಟ್ಟರಾಗದೇ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆಯುತ್ತದೆ, 60 ಡಿಗ್ರಿಯಲ್ಲಿ ಬದುಕಲಾರದು. ಜೊತೆಗೆ, 60 ಡಿಗ್ರಿಯ 100 ಲೀಟರಿಗೆ 20 ಡಿಗ್ರಿಯ 100 ಲೀಟರ್ ಬೆರೆಸಿದರೆ 40 ಡಿಗ್ರಿಯ 200 ಲೀಟರ್ ಸಿಗುತ್ತದೆ, ಅಂದರೆ 20 ಲೀಟರಿನ ಹತ್ತು ಬಕೆಟ್. ಟ್ಯಾಂಕ್ 50 ಡಿಗ್ರಿಯಲ್ಲಿದ್ದರೆ ಏಳೂವರೆ ಬಕೆಟ್ ಮಾತ್ರ. ಆದ್ದರಿಂದ ಸರಿಯಾದ ಕ್ರಮ ಬಿಸಿಯಾಗಿ ಕೂಡಿಡುವುದು, ಹದವಾಗಿ ಬೆರೆಸಿ ಬಳಸುವುದು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ಮನೆಯ ಹಿರಿಯರ ರೂಢಿಗೆ ವಿಜ್ಞಾನದ ಬೆಂಬಲವಿದೆ.

ಬ್ಯಾಕಪ್ ಕಾಯಿಲ್ ಮರೆಸುವ ದೋಷ

ನೀರು ಬಿಸಿಯಾಗದಿದ್ದಾಗ ಕಾಯಿಲಿನ ಸ್ವಿಚ್ ಹಾಕಿ ಸುಮ್ಮನಾಗುವುದು ಸುಲಭ. ಆಗ ದೋಷ ಹೋಗುವುದಿಲ್ಲ, ಮರೆಯಾಗುತ್ತದೆ, ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. 2 ಕಿಲೋವ್ಯಾಟಿನ ಕಾಯಿಲ್ 100 ಲೀಟರನ್ನು 25ರಿಂದ 60 ಡಿಗ್ರಿಗೆ ಏರಿಸಲು ಎರಡು ಗಂಟೆ ಬೇಕು, ಅದೇ 4 ಯೂನಿಟ್. ರಾತ್ರಿಯೇ ಸ್ವಿಚ್ ಹಾಕಿ ಮರೆತರೆ ಬೆಳಿಗ್ಗೆ ಟ್ಯಾಂಕ್ ಆಗಲೇ ಬಿಸಿಯಾಗಿ, ಪ್ಯಾನೆಲಿಗೆ ಕೆಲಸವೇ ಉಳಿಯುವುದಿಲ್ಲ. ಮೋಡದ ದಿನಗಳಲ್ಲಿ ಮಾತ್ರ, ಸ್ನಾನಕ್ಕೆ ಸ್ವಲ್ಪ ಮೊದಲು ಹಾಕುವುದು ಸರಿ. ಟ್ಯಾಂಕಿನಲ್ಲಿ ನೀರಿಲ್ಲದಾಗ ಹಾಕಬಾರದು. ಕಾಯಿಲಿಗೆ ಅರ್ಥಿಂಗ್ ಇರಲೇಬೇಕು. ಅದರ ಪರೀಕ್ಷೆ ಎಲೆಕ್ಟ್ರಿಷಿಯನ್ ಮಾಡಲಿ.

ತರಗತಿಗೆ ತರುವಾಗ

ಈ ಪಾಠಕ್ಕೆ ಎರಡು ಅವಧಿ ಬೇಕು. ಮೊದಲ ಅವಧಿಯಲ್ಲಿ ನಾಲ್ಕು ಕ್ರಿಯಾಪದಗಳನ್ನು ಪರಿಚಯಿಸಿ, ಅಳತೆಯ ಹಾಳೆ ಕೊಡಬೇಕು: ದಿನಾಂಕ, ಬಿಸಿಲೋ ಮೋಡವೋ, ಸಂಜೆಯ ತಾಪ, ಬೆಳಗಿನ ತಾಪ, ಸ್ನಾನದ ಮನೆಯ ತಾಪ, ಬಳಸಿದ ಬಕೆಟ್‌ಗಳು. ತಾರಸಿ ಹತ್ತುವ ಕೆಲಸ ಮಕ್ಕಳಿಗೆ ಬೇಡ, ಬಿಸಿನೀರನ್ನು ಹಿರಿಯರ ಎದುರಿನಲ್ಲೇ ಹಿಡಿಯಬೇಕು ಎಂಬುದನ್ನು ಹಾಳೆಯ ಮೇಲೆಯೇ ಬರೆದಿರಬೇಕು. ಒಂದು ವಾರದ ನಂತರದ ಎರಡನೆಯ ಅವಧಿ ಅಂಕಿಗಳ ಚರ್ಚೆಗೆ.

ಎಲ್ಲ ಮಕ್ಕಳ ಮನೆಯಲ್ಲೂ ಸೋಲಾರ್ ಇರುವುದಿಲ್ಲ. ಬಚ್ಚಲ ಒಲೆಯ ಮೇಲಿನ ಹಂಡೆಗೂ ಇದೇ ಪ್ರಶ್ನೆಗಳು ಹೊಂದುತ್ತವೆ: ಉರಿಯಿಂದ ಎಷ್ಟು ಹೀರಿತು, ತಳದ ಬಿಸಿ ಮೇಲಿನವರೆಗೆ ಹೇಗೆ ಸಾಗಿತು, ಮುಚ್ಚಳ ತೆಗೆದಿಟ್ಟರೆ ಎಷ್ಟು ಬೇಗ ಆರಿತು. ಹಂಡೆಯ ಮನೆಯ ಮಗು ಮುಚ್ಚಳವಿಟ್ಟೂ ಇಡದೆಯೂ ಅರ್ಧ ಗಂಟೆಯ ತಾಪದ ಇಳಿಕೆಯನ್ನು ಅಳೆದು ತರಲಿ. ಟ್ಯಾಂಕಿನ ಹೊದಿಕೆ ಏಕೆ ಬೇಕೆಂಬುದಕ್ಕೆ ಇಡೀ ತರಗತಿಗೆ ಆಧಾರ ಒದಗಿಸುವುದು ಆ ಅಳತೆಯೇ.

ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದ ಇನ್ನೊಂದು ಅಂಶ: ಮಗು ‘ಗಾಳಿ ತುಂಬಿದೆ’, ‘ಕಲ್ಲು ಕಟ್ಟಿದೆ’ ಎಂದು ಕಾರಣ ಹೇಳಿದ ಕೂಡಲೇ ಸರಿ ಅಥವಾ ತಪ್ಪು ಎನ್ನಬಾರದು. ‘ಹಾಗಿದ್ದರೆ ಬೇರೆ ಏನು ಕಾಣಬೇಕಿತ್ತು? ಅದು ಕಂಡಿತೇ?’ ಎಂದು ಕೇಳಬೇಕು. ಪಾಠ ವೀಕ್ಷಿಸುವ ನಾವು ಉಪನ್ಯಾಸಕರೂ ಅಂಕ ಕೊಡುವಾಗ, ಎಷ್ಟು ಮಕ್ಕಳು ಸರಿಯಾದ ಕಾರಣ ಹೇಳಿದರು ಎಂಬುದಕ್ಕಿಂತ ಎಷ್ಟು ಮಕ್ಕಳು ತಮ್ಮ ಕಾರಣವನ್ನು ಒಂದು ಅಳತೆಯಿಂದ ಸಮರ್ಥಿಸಿದರು, ಎಷ್ಟು ಮಕ್ಕಳು ಅಳತೆ ನೋಡಿ ತಮ್ಮ ಕಾರಣವನ್ನು ಬಿಟ್ಟುಕೊಟ್ಟರು ಎಂಬುದನ್ನು ಎಣಿಸುವುದು ಒಳ್ಳೆಯದು. ಬರುವ ಬೋಧನಾಭ್ಯಾಸದ ಅವಧಿ ಚಳಿಗಾಲದಲ್ಲೇ ಬೀಳುವುದರಿಂದ ಈ ಅಳತೆಗಳಿಗೆ ಅದು ತಕ್ಕ ಕಾಲ. ಪಾಠಯೋಜನೆ ಬರೆಯುವವರು ಮೊದಲು ತಮ್ಮ ಮನೆಯದೋ ಹಾಸ್ಟೆಲಿನದೋ ಎರಡು ಅಂಕಿಗಳನ್ನು ತಾವೇ ತೆಗೆದು ನೋಡಲಿ.